ದುಬಲಗುಂಡಿಯ ಹೆವಿವೇಟ್

"ಇನ್ಮ್ಯಾಲ ಹುಮನಾಬಾದದಿಂದ ಬಸವಕಲ್ಯಾಣದ ತನಕ ಕಿಕ್‌ಬಾಕ್ಸಿಂಗ್ ಅಂದ್ರ ಒಂದೇ ಹೆಸರು. ಮಚ್ಚೇಂದ್ರ ಉಸ್ತಾದ!"

ಹೀಗೆಂದು ದುಬಲಗುಂಡಿಯ ಮಚ್ಚೇಂದ್ರ ಘೋಷಿಸಿದ್ದು ಯಾವ ಅಖಾಡದಲ್ಲೂ ಅಲ್ಲ, ಹುಮನಾಬಾದಿನ ಬಸ್‌ಸ್ಟ್ಯಾಂಡ್ ಎದುರಿನ ಅಜೀತನ ಮೊಬೈಲ್ ಅಂಗಡಿಯಲ್ಲಿ. ಹೊರದೇಶದಲ್ಲಿ ಅಂತರರಾಷ್ಟ್ರೀಯ ಹೆವಿವೇಟ್ ಕಿಕ್‌ಬಾಕ್ಸಿಂಗ್ ಪಂದ್ಯಾವಳಿ ಹತ್ತಿರ ಬಂದಿತ್ತು. ಅಲ್ಲಿ ಗುದ್ದಾಡುವವರು ತಣ್ಣಗೆ ಅಭ್ಯಾಸ ಮಾಡಿಕೊಂಡಿದ್ದರು. ಜ್ವರ ಬಂದಿದ್ದು ಇಲ್ಲಿಯವರಿಗೆ! ಡಚ್ಚರವನ ಮೊಣಕಾಲು ಹೇಗಿದೆ, ಮೊರಾಕ್ಕೊದವನು ಮೊಟ್ಟೆ ಎಷ್ಟು ತಿನ್ನುತ್ತಾನೆ ಎಂಬುದೆಲ್ಲ ಮಚ್ಚೇಂದ್ರನ ನಾಲಿಗೆಯ ತುದಿಯಲ್ಲಿತ್ತು. ತನ್ನ ಹೊಲದಲ್ಲಿ ಹೆಸರು ಬಲಿತಿದೆಯೋ ಇಲ್ಲವೋ ಎಂಬುದು ಮಾತ್ರ ಹೆಂಡತಿ ದ್ರೌಪತಿಗೆ ಗೊತ್ತಿತ್ತು.

ಫೈನಲ್ಲಿನ ದಿನ ಅಜೀತನ ಅಂಗಡಿಯಲ್ಲಿ ದೊಡ್ಡ ಟಿವಿ ಕೂರಿಸುವುದು, ಎರಡೂ ಊರಿನ ಅಭಿಮಾನಿಗಳು ಸೇರುವುದು, ಎಲ್ಲರ ಮುಂದೆ ಕೈ ಇರುವ ಒಂದು ಕುರ್ಚಿ ಹಾಕಿ ಅದರ ಮೇಲೆ ಉಸ್ತಾದ ಕೂತು ಒಂದೊಂದು ಏಟಿನ ಒಳಮರ್ಮ ಹೇಳುವುದು ಎಂದು ತೀರ್ಮಾನವಾಗಿತ್ತು. ಆ ಕುರ್ಚಿ ತನ್ನದೇ ಎಂದು ಮಚ್ಚೇಂದ್ರ ನಂಬಿದ್ದ. ಅದರ ಮೇಲೆ ಹೇಗೆ ಕೂರಬೇಕು, ಕಾಲ ಮೇಲೆ ಕಾಲು ಯಾವಾಗ ಹಾಕಬೇಕು ಎಂಬುದನ್ನೂ ಮನೆಯ ಕನ್ನಡಿ ಮುಂದೆ ನೋಡಿಕೊಂಡಿದ್ದ.

ಅಷ್ಟರಲ್ಲಿ ಬಸವಕಲ್ಯಾಣದಲ್ಲಿ ಜಿಮ್ ಇಟ್ಟಿದ್ದ ಗೋವರ್ಧನ ಅಡ್ಡ ಬಾಯಿ ಹಾಕಿದ.

"ಫೋನಿನಾಗ ನೋಡಿ ಯಾರರೆ ಉಸ್ತಾದ ಆಗ್ತಾರೇನ್ರಿ? ಹಂಗಿದ್ರ ನಾ ಅಡುಗಿ ನೋಡಿ ನೋಡಿ ಹೊಟ್ಟಿ ತುಂಬಿಸಿಕೋತಿದ್ದೆ. ಒಂದು ಒದಿ ಒದ್ದು ತೋರಸ್ರಿ. ಆಮ್ಯಾಲ ಕುರ್ಚಿ ಮಾತು."

ಅಂಗಡಿಯಲ್ಲಿ ನಗು ಎದ್ದಿತು. ಮಚ್ಚೇಂದ್ರನ ಕಿವಿ ಕೆಂಪಾದವು.

"ಬರೂ ಐತ್ವಾರ ನಮ್ಮೂರಿಗೆ ಬರ್ರಿ! ಚೀಲ ಕಟ್ಟಿ ಒದ್ದು ತೋರಸ್ತೀನಿ. ಇಜ್ಜತ್ತಿನ ಸವಾಲ್ ಅದ!"

ಬಾಯಿ ಆಡಿ ಮುಗಿಸಿತು. ಕಷ್ಟ ಕಾಲಿಗೆ ಬಂತು. ಯಾಕೆಂದರೆ ಆ ಕಾಲುಗಳು ಈವರೆಗೆ ಒದ್ದಿದ್ದು ಎಂದರೆ ಹೊದಿಕೆಯನ್ನು ಮಾತ್ರ.

ಮನೆಗೆ ಬಂದವನೇ ಅಂಗಳದ ಬೇವಿನ ಟೊಂಗೆಗೆ ಹಗ್ಗ ಕಟ್ಟಿ ಹೆಂಡತಿಯನ್ನು ಕೂಗಿದ.

"ಏ ದ್ರೌಪತಿ, ಒಂದು ಗೋಣಿಚೀಲ ಕೊಡು. ಉಸುಕು ತುಂಬಿ ಒದೀತೀನಿ."

ದ್ರೌಪತಿ ಬಡಿಗೆ ಹಿಡಿದು ಹೆಸರಿನ ಕಾಯಿ ಬಡಿಯುತ್ತಿದ್ದಳು. ಹಿಂದಿನ ವರ್ಷ ಅದೇ ಬಡಿಗೆಯನ್ನು ಗಂಡನ ಕೈಗೆ ಕೊಟ್ಟಾಗ ಅವನಿಗೆ ಸೊಂಟ ಹಿಡಿದಿತ್ತು. ಅದಕ್ಕೂ ಹಿಂದಿನ ವರ್ಷ ಭುಜ. ಬಡಿಗೆ ಗೋಡೆಗೆ ಒರಗಿದ ಕೂಡಲೇ ಎಲ್ಲ ನೋವೂ ವಾಸಿ! ಈಗ ಅದೇ ಮನುಷ್ಯ ಒದೆಯುತ್ತೇನೆ ಎಂದು ತಾನಾಗಿ ಬಂದು ನಿಂತಿದ್ದಾನೆ. ಆಕೆ ಬಡಿಯುವುದನ್ನು ನಿಲ್ಲಿಸಿ ಅವನ ಕಾಲನ್ನೊಮ್ಮೆ, ಕಾಯಿಯ ಗುಡ್ಡೆಯನ್ನೊಮ್ಮೆ ನೋಡಿದಳು.

"ಉಸುಕು ಒದ್ರ ಕಾಲು ಮುರೀತದ್ರಿ. ನೀವು ಕೂಡ್ರಿ, ನಾ ಮೆತ್ತಗಿಂದು ಏನರೆ ತುಂಬಿ ಕೊಡ್ತೀನಿ."

ಮದುವೆಯಾದಂದಿನಿಂದ ತನ್ನ ಯಾವ ಯೋಜನೆಗೂ ಹೂಂ ಎನ್ನದ ಹೆಂಡತಿ ಇಷ್ಟು ಸಲೀಸಾಗಿ ಒಪ್ಪಿದ್ದು ಕಂಡು ಮಚ್ಚೇಂದ್ರನಿಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ದೊಡ್ಡ ಸಾಧಕನ ಹಿಂದೆ ಹೆಂಡತಿ ಇರುತ್ತಾಳೆ ಎಂದುಕೊಂಡು ಎದೆ ಉಬ್ಬಿಸಿದ.

ಮರುದಿನ ಬೆಳಿಗ್ಗೆ ಬಾಯಿ ಹೊಲಿದ ಚೀಲ ಬೇವಿನ ಮರದಲ್ಲಿ ತೂಗುತ್ತಿತ್ತು. ಮಚ್ಚೇಂದ್ರ ಕೈ ಮುಗಿದು, ಹಿಂದೆ ಸರಿದು, ಹೂಂಕರಿಸಿ ಒಂದು ಒದೆ ಕೊಟ್ಟ. ಚೀಲದೊಳಗಿಂದ ಚಟಚಟ ಸದ್ದು ಬಂತು!

"ಕೇಳಿದೆಯೇನ? ಎದುರಾಳಿ ಪಕ್ಕಿ ಎಲುಬು ಮುರದ ಆವಾಜ್!"

"ಭಾರಿ ಮುರಿಯಾಕತ್ತೀರಿ," ಎಂದಳು ದ್ರೌಪತಿ. "ಆ ಬದಿ ಇನ್ನೂ ಮುರದಿಲ್ಲ ನೋಡ್ರಿ, ಹಿಂಗ ತಿರುವಿ ಒದೀರಿ. ತೆಳಗೂ ಒಂದೆರಡು ಬೀಳಲಿ."

ಹುರಿದುಂಬಿಸುವ ಹೆಂಡತಿ ಯಾರಿಗುಂಟು ಯಾರಿಗಿಲ್ಲ! ಮಚ್ಚೇಂದ್ರ ತಿರುವಿ ಒದ್ದ, ಹಾರಿ ಒದ್ದ, ಮೊಣಕಾಲಲ್ಲಿ ತಿವಿದ. ಚಟಚಟ ನಿಂತು ಚೀಲ ತಳಕ್ಕೆ ಇಳಿದು ಜೋತುಬಿದ್ದಾಗ, ಎದುರಾಳಿ ಸತ್ತ ಎಂದು ಸಾರಿ, ಮಿಂದು, ಬಸ್ಸು ಹತ್ತಿ ಹುಮನಾಬಾದಿಗೆ ಹೋಗಿ ಆ ದಿನದ ಪರಾಕ್ರಮವನ್ನು ಅಜೀತನ ಅಂಗಡಿಯಲ್ಲಿ ಬಣ್ಣಿಸಿದ. ಸಂಜೆ ಬಂದು ನೋಡಿದರೆ ಚೀಲ ಮತ್ತೆ ಉಬ್ಬಿ ನಿಂತಿದೆ!

"ಇದೇನು, ಮುಂಜಾನಿ ಸತ್ತಿದ್ದು ಮತ್ತ ಎದ್ದು ಕುಂತದ?"

"ಹವಾದಾಗ ತೇವ ಅದಲ್ರಿ, ಹೊಟ್ಟು ಉಬ್ಬತದ. ನಿಮ್ಮಂಥಾ ಉಸ್ತಾದರಿಗೆ ಅದೇನು ಲೆಕ್ಕ? ಇನ್ನೊಂದು ಸಲ ಕೊಲ್ರಿ."

ಉಸ್ತಾದ ಎಂಬ ಮಾತು ಹೆಂಡತಿಯ ಬಾಯಲ್ಲಿ ಬಂದ ಮೇಲೆ ಇನ್ನೇನು ಬೇಕು? ಬೆಳಿಗ್ಗೆ ಕೊಂದ, ಸಂಜೆ ಕೊಂದ. ಆ ವಾರವೆಲ್ಲ ಅದು ಸಾಯುವುದು, ಉಬ್ಬುವುದು, ಇವನು ಒದೆಯುವುದು ನಡೆದೇ ಇತ್ತು. ಪಕ್ಕದ ಮನೆಯ ಜಗದೇವಿ ಕೂಡ ಬಂದು ಗೋಡೆಯಾಚೆ ನಿಂತು ಭಕ್ತಿಯಿಂದ ನೋಡಿ ಹೋಗುತ್ತಿದ್ದಳು. ಊರ ಹೆಂಗಸರಲ್ಲೂ ಕಿಕ್‌ಬಾಕ್ಸಿಂಗಿನ ಹುಚ್ಚು ಹತ್ತಿತೆಂದು ಮಚ್ಚೇಂದ್ರ ಸಂತೋಷಪಟ್ಟ.

ಭಾನುವಾರ ಬಂತು. ಬಸವಕಲ್ಯಾಣದಿಂದ ಗೋವರ್ಧನ ಮಿರಿಮಿರಿ ಟ್ರ್ಯಾಕ್‌ಸೂಟಿನಲ್ಲಿ ಬಂದಿಳಿದ. ಹುಮನಾಬಾದಿನಿಂದ ಅಜೀತ ಅಂಗಡಿ ಮುಚ್ಚಿ ಬಂದ. ಹಿಂದೆ ಎರಡೂ ಊರಿನ ಅಭಿಮಾನಿಗಳ ದಂಡು. ಎಲ್ಲರ ಕೈಯಲ್ಲೂ ಫೋನು ಎದ್ದು ನಿಂತಿತು. ಮಚ್ಚೇಂದ್ರ ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಂಡ.

"ನೋಡ್ರಿ! ಇದು ಡಚ್ಚರ ಒದಿ!"

ಒದ್ದ. ಏನು ಒದೆ ಅದು! ಬೆಳಿಗ್ಗೆಯ ಒದೆಗಳಿಗೇ ಸಡಿಲಗೊಂಡಿದ್ದ ಗೋಣಿಯ ಹೊಲಿಗೆ ಪರ್ರನೆ ಬಿಚ್ಚಿತು. ಒಳಗಿಂದ ಹೊಟ್ಟಿನ ಜೊತೆ ಹಸಿರು ಹೆಸರುಕಾಳು ಸುರಿಯತೊಡಗಿತು. ಸುರಿಯಿತು, ಸುರಿಯಿತು, ಅಂಗಳದಲ್ಲಿ ಗುಡ್ಡೆಯಾಯಿತು. ಎಲ್ಲಿದ್ದವೋ ಓಣಿಯ ಕೋಳಿಗಳೆಲ್ಲ ಓಡಿ ಬಂದು ಉಸ್ತಾದನ ಕಾಲ ಬುಡದಲ್ಲಿ ಮೇಯತೊಡಗಿದವು.

ಗೋವರ್ಧನ ಹೊಟ್ಟೆ ಹಿಡಿದುಕೊಂಡು ನಕ್ಕ. "ಇದು ಕಿಕ್‌ಬಾಕ್ಸಿಂಗ್ ಏನ್ರಿ, ರಾಶಿ ಏನ್ರಿ? ಹೇಂತಿ ಹೆಸರ ಬಡಿಯೋ ಹೆವಿವೇಟ್!"

ಮಚ್ಚೇಂದ್ರ ಹೆಂಡತಿಯ ಕಡೆ ನೋಡಿದ. ಆಕೆ ಮೊರ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಒಂದು ವಾರದ ಸಾವು ಬದುಕುಗಳ ಗುಟ್ಟು ಅವನಿಗೆ ಆಗ ತಿಳಿಯಿತು. ಸಿಟ್ಟು ನೆತ್ತಿಗೇರಿತು. ಆದರೆ ಹುಮನಾಬಾದಿನ ಆ ಕೈ ಇರುವ ಕುರ್ಚಿ ಕಣ್ಣ ಮುಂದೆ ಹಾದು ಹೋಯಿತು. ಬಾಯಿ ಮತ್ತೆ ತಾನೇ ಮುಂದಾಯಿತು.

"ನಗ್ರಿ, ನಗ್ರಿ! ತಿಳೀದವರು ನಗೋದ ಬರೋಬರ್ ಅದ. ಉಸುಕಿನ ಚೀಲ ಒದ್ರ ತಾಕತ್ತು ಬರ್ತದ, ಅಳತಿ ಬರಾಂಗಿಲ್ಲ. ಕಾಯಿ ಒಡೀಬೇಕು, ಒಳಗಿನ ಕಾಳು ಒಡೀಬಾರದು. ಇದಕ್ಕ ಕಂಟ್ರೋಲ್ ಅಂತಾರ! ಅದಕ್ಕಂತ ನಾನೇ ಮುದ್ದಾಮ್ ಕಾಯಿ ತುಂಬಿಸೇನಿ. ಒಂದು ಕಾಳು ಒಡದದ್ದು ತೋರಸ್ರಿ, ಕುರ್ಚಿ ನಿಮ್ದು!"

ಎಲ್ಲರೂ ಕುಕ್ಕರಗಾಲಲ್ಲಿ ಕೂತು ಕಾಳು ಹುಡುಕಿದರು. ಅಜೀತ ಬೊಗಸೆಯಲ್ಲಿ ತುಂಬಿ ಬಿಸಿಲಿಗೆ ಹಿಡಿದು ನೋಡಿದ. ಒಂದೂ ಒಡೆದಿರಲಿಲ್ಲ! ಗೋವರ್ಧನನ ನಗು ಅರ್ಧಕ್ಕೆ ನಿಂತಿತು.

"ಇದೇನ್ ಮಹಾ, ನಾನೂ ಒದೀತೀನಿ," ಎಂದು ಅವನು ತೋಳೇರಿಸಿದ.

"ಒದೀರಿ ಅಣ್ಣಾ, ಇನ್ನೂ ಚೀಲ ಅವ," ಎಂದು ದ್ರೌಪತಿ ಅವನ ಮಾತು ಮುಗಿಯುವ ಮೊದಲೇ ಇನ್ನೊಂದು ಚೀಲ ಎಳೆದು ತಂದಳು. ಗೋವರ್ಧನ ಜಿಮ್ಮಿನ ಕಸುವನ್ನೆಲ್ಲ ಹಾಕಿ ಒದ್ದ. ಆಕೆ ಚೀಲ ಬಿಚ್ಚಿ ಒಂದು ಹಿಡಿ ಮೊರಕ್ಕೆ ಹಾಕಿಕೊಂಡು ಕೇರಿ, ಎಲ್ಲರಿಗೂ ಕೇಳುವಂತೆ ಹೇಳಿದಳು.

"ಅಯ್ಯ, ನೀವು ಬ್ಯಾಳಿ ಮಾಡೀರಲ್ರಿ ಅಣ್ಣಾ!"

ಮುಗಿಯಿತು! ದಂಡು ಕುಣಿದಾಡಿತು. ತಾನೂ ಕಂಟ್ರೋಲ್ ಕಲಿಯುತ್ತೇನೆಂದು ಒಬ್ಬೊಬ್ಬನೂ ಸಾಲುಗಟ್ಟಿದ. ದ್ರೌಪತಿ ತುಂಬಿ ತುಂಬಿ ಕಟ್ಟಿದಳು, ಅವರು ಒದ್ದೊದ್ದು ಬೆವರಿದರು. ಬಿಸಿಲು ಇಳಿಯುವ ಹೊತ್ತಿಗೆ ಮನೆಯ ಹೆಸರೆಲ್ಲ ಹಸನಾಗಿ ಒಳಗೆ ಸೇರಿತ್ತು. ಗೋವರ್ಧನ ತಾನೇ ಬಂದು ಮಚ್ಚೇಂದ್ರನ ಕೈ ಕುಲುಕಿ, "ಕುರ್ಚಿ ನಿಮ್ದೇ ಉಸ್ತಾದ. ಬರೂ ಐತ್ವಾರ ಫೈನಲ್, ಜಲ್ದಿ ಬರ್ರಿ," ಎಂದು ಕುಂಟುತ್ತಾ ಹೋದ.

ಮಚ್ಚೇಂದ್ರ ಕಟ್ಟೆಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತ.

"ನೋಡಿದಿ? ನೀ ಮಾಡಿದ ಮೋಸಾನೂ ನಾ ಇಜ್ಜತ್ ಮಾಡಿಕೊಂಡೆ. ಬರೂ ಐತ್ವಾರ ಇಸ್ತ್ರಿ ಅಂಗಿ ತೆಗೆದಿಡು."

"ಹಳೇ ಅಂಗಿ ಸಾಕ್ರಿ," ಎಂದಳು ದ್ರೌಪತಿ ಮೊರ ಕೊಡವುತ್ತಾ. "ಐತ್ವಾರ ನೀವು ಜಗದೇವಿ ಮನಿಗಿ ಹೋಗೋದದ."

"ಯಾಕ?"

"ನಮ್ಮ ಹೆಸರ ಬಿಡಸಾಕ ಆಕಿ ಮುಯ್ಯಿ ಬಂದಿದ್ಳು. ಇವತ್ತ ಆಕಿ ನನ್ನ ಕೆಲಸಕ್ಕ ಬಂದ್ರ, ನಾಳೆ ನಾ ಆಕಿ ಕೆಲಸಕ್ಕ ಹೋಗಬೇಕಲ್ಲ? ಆಕಿ ಉದ್ದು ಒಣಗ್ಯದ. 'ನೀ ಬ್ಯಾಡವ್ವ, ನಿನ್ನ ಗಂಡನ್ನ ಕಳಸು, ಅವರ ಕಾಲಾಗ ಜಲ್ದಿ ಆಗ್ತದ' ಅಂದ್ಳು. ಹೂಂ ಅಂದೀನಿ."

"ಏ ಹುಚ್ಚಿ! ಅವತ್ತ ಫೈನಲ್! ನನ್ನ ಕುರ್ಚಿ!"

"ಹೌದ್ರಿ? ಹಂಗಾದ್ರ ಗೋವರ್ಧನಣ್ಣಗ ಫೋನ್ ಹಚ್ಚಿ ಕೊಡ್ರಿ. ನಮ್ಮವರು ಮುಯ್ಯಿ ಬಿಟ್ಟು ಬರಾಕತ್ತಾರ, ಚೀಲದಾಗ ಏನದ ಅಂತ ಅವರಿಗಿ ವಾರಪೂರಾ ಗೊತ್ತೇ ಇರಲಿಲ್ಲ ಅಂತ ಹೇಳ್ತೀನಿ."

ಮಚ್ಚೇಂದ್ರ ಮೇಲಿನ ಕಾಲನ್ನು ಮೆಲ್ಲಗೆ ಕೆಳಗಿಳಿಸಿದ. ಅಳುವ ದನಿಯಲ್ಲಿ ಕೇಳಿದ.

"ಹಂಗಂದ್ರ ನಾ ಫೈನಲ್ ನೋಡೋದೇ ಇಲ್ಲೇನು?"

ದ್ರೌಪತಿಗೆ ನಿಜಕ್ಕೂ ಪಾಪ ಎನಿಸಿತು.

"ಯಾಕ ನೋಡಬ್ಯಾಡ್ರಿ? ಫೋನು ಗ್ವಾಡಿಗಿ ಆನಿಸಿ ಇಟ್ಕೋರಿ. ಜಗದೇವಿಗಿ ಬೇಕಾಗಿದ್ದು ನಿಮ್ಮ ಕಾಲು ಅಷ್ಟ. ಕಣ್ಣು ನಿಮ್ಮವೇ!"