ಕುರ್ಚಿ ಟಿಕೀಟು

ಬೈಲಹೊಂಗಲದ ನಾಟಕ ಥೇಟರಿನಲ್ಲಿ, ಮೊದಲ ಸಾಲಿನ ಕುರ್ಚಿಗೆ ಟಿಕೀಟು ತೆಗೆಸಿದ್ದ ಸಂಗೊಳ್ಳಿಯ ಯಮನಪ್ಪನನ್ನೂ ಅವನ ಏಳು ವರ್ಷದ ಮಗಳು ಭಾಗೀರಥಿಯನ್ನೂ ಎಬ್ಬಿಸಿ, ಕುರ್ಚಿಗಳ ಹಿಂದೆ ನೆಲಕ್ಕೆ ಕೂರಿಸಿದರು. ಅವರ ಜಾಗದಲ್ಲಿ ಸಂಗೊಳ್ಳಿಯವನೇ ಆದ ಜಮೀನುದಾರ ನಿಜಗುಣಪ್ಪನೂ ಅವನ ಮೊಮ್ಮಗಳು ಅನ್ನಪೂರ್ಣಾಳೂ ಕುಳಿತರು.

"ನಾವೂ ಕುರ್ಚಿ ಟಿಕೀಟ ತಗದೇವ್ರಿ," ಎಂದ ಯಮನಪ್ಪ.

"ಯಾರು ಇಲ್ಲಂದ್ರಪಾ? ನೆಲಕ್ಕ ಕುಂತ್ರ ನಾಟಕ ಬ್ಯಾರೆ ಆಕ್ಕೈತೇನು?" ಎಂದ ಗೇಟಿನವನು.

ನಾಟಕ ಬೇರೆಯೇ ಆಯಿತು. ಕುರ್ಚಿಯವರಿಗೆ ರಾಜ ಕಾಣುತ್ತಿದ್ದ. ಭಾಗೀರಥಿಗೆ ನಿಜಗುಣಪ್ಪನ ಬೆನ್ನು ಕಾಣುತ್ತಿತ್ತು. ಇತಿಹಾಸವನ್ನು ತಲೆಕೆಳಗು ಮಾಡಿದ ನಗೆನಾಟಕ ಅದು. ಜಿರಳೆ ಕಂಡರೆ ಮಂತ್ರಿಯ ಹಿಂದೆ ಅಡಗುವ ರಾಜ, ಕುದುರೆಗೆ ನೆಗಡಿಯೆಂದು ಯುದ್ಧ ಮುಂದೂಡುವ ಸೇನಾಪತಿ. ಜನ ನಕ್ಕಾಗಲೆಲ್ಲ ಮಗಳು, "ಯಪ್ಪಾ, ಏನಾತು?" ಎನ್ನುವಳು. ಅನ್ನಪೂರ್ಣಾ ಚುರಮುರಿ ಮೆಲ್ಲುತ್ತ ಹಿಂತಿರುಗಿ ಇವಳನ್ನೇ ನೋಡುವಳು. ಯಮನಪ್ಪನ ಎದೆಯಲ್ಲಿ ಒಲೆಗೆ ಬಿದ್ದ ಒಣಮೆಣಸಿನಕಾಯಿಯ ಘಾಟು.

ಅಷ್ಟರಲ್ಲಿ ಯುದ್ಧ ಅರ್ಧಕ್ಕೆ ನಿಂತಿತು. ಮೈಕು ಕೂಗಿತು: "ಸಂಗೊಳ್ಳಿ ನಿಜಗುಣಪ್ಪ ಸಾಹುಕಾರ್ರಿಂದ ರಾಜನ ಪಾತ್ರಕ್ಕ ಒಂದು ಶಾಲು ಆಹೇರ!" ಆಹೇರವೆಂದರೆ ಮೆಚ್ಚಿ ಕೊಡುವ ಉಡುಗೊರೆ; ಪಡೆದವರು ಕೊಟ್ಟವರಿಗೆ ರಂಗದ ಮೇಲಿಂದಲೇ ಕೈ ಮುಗಿಯುವುದು ವಾಡಿಕೆ. ರಾಜ ಕತ್ತಿ ಕಂಕುಳಲ್ಲಿ ಸಿಕ್ಕಿಸಿ ಕೈ ಮುಗಿದ.

"ಯಪ್ಪಾ, ರಾಜಾನೂ ಅವ್ರಿಗೆ ಕೈ ಮುಗಿತಾನ?" ಎಂದಳು ಭಾಗೀರಥಿ.

ಯಮನಪ್ಪ ತಲೆಯ ಹೊಸ ರೂಮಾಲು ಬಿಚ್ಚಿದ. ಮಗಳ ಕೈ ಹಿಡಿದು ಪರದೆಯ ಹಿಂದೆ ನಡೆದ. "ಇದು ನನ್ನ ಆಹೇರ. ನನ್ನ ಹೆಸರೂ ಒಂದ್ಸಲ ಕೂಗ್ರಿ, ಮಗಳು ಕೇಳಲಿ."

ಕಂಪನಿಯ ಮ್ಯಾನೇಜರ್ ಮಲಕಾಜಪ್ಪ ಅವನ ಮೀಸೆ ನೋಡಿದ. "ರೂಮಾಲ ಇರಲಿ. ನಮ್ಮ ಸಿಪಾಯಿಗೆ ಹೊಟ್ಟಿ ಕೆಟ್ಟೈತಿ. ನೀ ಭರ್ಜಿ ಹಿಡದು ಸುಮ್ನ ನಿಂದ್ರು, ಹೆಸರು ಕೂಗತೇನಿ."

ಯಮನಪ್ಪ ಭರ್ಜಿ ಹಿಡಿದು ರಂಗದ ಮೇಲೆ ನಿಂತ. ರಾಜ ಜಿರಳೆಗೆ ಹೆದರಿ ಒಳಗೋಡಿದ್ದ. ಪರದೆಯ ಮರೆಯಲ್ಲಿದ್ದ ಭಾಗೀರಥಿಗೆ ಖಾಲಿ ಕುರ್ಚಿಯೊಂದು ಕಂಡಿತು. ಹೋಗಿ ಕುಳಿತಳು. ಅದು ಸಿಂಹಾಸನ.

ಮರಳಿದ ರಾಜ ದಂಗಾದ. "ಯಾರಲ್ಲಿ? ಸಿಪಾಯಿ, ಈ ಪೋರಿಯನ್ನು ಇಳಿಸು."

"ಇಳಸೂದಿಲ್ರಿ," ಎಂದ ಯಮನಪ್ಪ, ಕಿಸೆಯಿಂದ ಚೀಟಿ ತೆಗೆದು. "ನಮ್ದು ಕುರ್ಚಿ ಟಿಕೀಟ ಐತಿ."

ತಗಡಿನ ಮಾಡು ಹಾರಿಹೋಗುವಂತೆ ಜನ ನಕ್ಕರು. ನೆಲದವರು ಸೀಟಿ ಹೊಡೆದರು. ದಾರಿ ಕಾಣದ ರಾಜ ನೆಲದ ಮೇಲೆ ಕುಳಿತ. ಯಮನಪ್ಪನ ಎದೆ ಗೋಣಿಚೀಲದಂತೆ ಉಬ್ಬಿತು. ಮೈಕು ಗರಗರ ಎಂದಿತು. ಈಗ ತನ್ನ ಹೆಸರು.

"ಸಿಪಾಯಿಯ ಹಾಸ್ಯ ಮೆಚ್ಚಿ, ಸಂಗೊಳ್ಳಿ ನಿಜಗುಣಪ್ಪ ಸಾಹುಕಾರ್ರಿಂದ ಒಂದು ಟಾವೆಲ್ ಆಹೇರ!"

ಟಾವೆಲ್ಲು ಅವನ ಹೆಗಲಿಗೆ ಬಂತು. ಮೊದಲ ಸಾಲಿನಲ್ಲಿ, ಯಮನಪ್ಪನದೇ ಕುರ್ಚಿಯಲ್ಲಿ, ನಿಜಗುಣಪ್ಪ ಕಾಲ ಮೇಲೆ ಕಾಲು ಹಾಕಿ ಕಾಯುತ್ತಿದ್ದ.

"ಕೈ ಮುಗಿಯೋ," ಮಲಕಾಜಪ್ಪ ಪರದೆಯ ಸಂದಿಯಿಂದ ಪಿಸುಗುಟ್ಟಿದ.

ಸಿಂಹಾಸನದಿಂದ ಮಗಳು ನೋಡುತ್ತಿದ್ದಳು. ಯಮನಪ್ಪ ಎರಡೂ ಕೈಯಿಂದ ಭರ್ಜಿ ಹಿಡಿದ. "ಮುಗಿಯೂದಿಲ್ಲ."

ಅದೂ ಹಾಸ್ಯವೆಂದು ಜನರಲ್ಲಿ ಮತ್ತೆ ನಗೆ. ಮತ್ತೆ ಮೈಕು: "ಸಾಹುಕಾರ್ರಿಂದ ಇನ್ನೊಂದು ಟಾವೆಲ್!"

"ಮಾರಾಯಾ, ಒಮ್ಮೆ ಮುಗಿ," ಎಂದು ಮಲಕಾಜಪ್ಪ ಗೋಗರೆದ.

"ಮುಗಿಯೂದಿಲ್ಲ ಅಂದ್ನೆಲ್ಲ," ಎಂದ ಯಮನಪ್ಪ.