ಲ್ಯಾಪ್‌ಟಾಪಿನ ತೂಕದ ಜೋಳ

ನಮ್ಮ ಮನೆಗೆ ಕೂಲರ್ ಬಂದದ್ದು ಮಾರ್ಗಶಿರ ಮಾಸದಲ್ಲಿ. ಕಲಬುರಗಿಯ ಬಿಸಿಲು ಕಂಡವರಿಗೆ ನಾನು ಎಂಥ ಮನುಷ್ಯ ಎಂಬುದನ್ನು ತಿಳಿಸಲು ಇದೊಂದು ಮಾತು ಸಾಕು. ವಿಚಾರ ಶುರು ಮಾಡಿದ್ದು ಯುಗಾದಿಗೆ. ಕಬ್ಬಿಣದ್ದೋ ಪ್ಲಾಸ್ಟಿಕ್ಕಿನದೋ, ಕಿಟಕಿಗೆ ಕೂಡಿಸುವುದೋ ಗಾಲಿಯ ಮೇಲೆ ಓಡಾಡುವುದೋ, ಒಂದೊಂದರ ಸಾಧಕ ಬಾಧಕ ಬರೆದು ಮುಗಿಸಿ ಹೋಗುವ ಹೊತ್ತಿಗೆ ಅಂಗಡಿಯವನು ಕೂಲರುಗಳನ್ನೆಲ್ಲ ಅಟ್ಟಕ್ಕೆ ಏರಿಸಿ ಮುಂದೆ ಗೀಜರು ಜೋಡಿಸಿದ್ದ. ತಂದ ದಿನ ಕಂಬಳಿ ಹೊದ್ದು ಅದರ ಮುಂದೆ ಕೂತು, “ಗಾಳಿ ಚಲೋ ಬರ್ತದ” ಎಂದೆ. ಹೆಂಡತಿ ಇನ್ನೊಂದು ಕಂಬಳಿ ತಂದು ನನ್ನ ಮೇಲೆ ಹೊದಿಸಿದಳು.

ಹೀಗೆ ವಿಚಾರ ಮಾಡುವ ಗುಣ ತಂದೆಯಿಂದ ನನಗೆ ಬಂದ ಆಸ್ತಿ. ಅವರ ಕಾಲದಲ್ಲಿ ಎತ್ತು ಮಾರುವ ಮಹಾಗಾಂವದ ರೈತರು, “ಎಂಟು ದಿನ ಹೂಡಿ ನೋಡ್ರಿ, ಮನಸಿಗಿ ಬಂದ್ರ ಇಟ್ಕೋರಿ, ಇಲ್ಲಾಂದ್ರ ಹೊಡ್ಕೊಂಡು ಬರ್ರಿ” ಎಂದು ಹಗ್ಗವನ್ನು ಕೈಗೆ ಕೊಡುತ್ತಿದ್ದರು. ಅಪ್ಪ ಎಂಟು ದಿನ ಹೂಡಿ, ಗಾಡಿ ಕಟ್ಟಿ, ಏರು ಹತ್ತಿಸಿ, ಹಳ್ಳ ಇಳಿಸಿ, ಒಂಬತ್ತನೆಯ ದಿನ ಎತ್ತನ್ನು ಮರಳಿಸಿ ಬರುತ್ತಿದ್ದರು. ನಮ್ಮ ಹೊಲದ ಪರಿಚಯ ನಮಗಿಂತ ಆ ಸೀಮೆಯ ಎತ್ತುಗಳಿಗೇ ಹೆಚ್ಚಿತ್ತು. ನಾನು ಹೊಲ ಬಿಟ್ಟು ಕಲಬುರಗಿಯ ಬ್ರಹ್ಮಪುರ ಬಡಾವಣೆಯಲ್ಲಿ ಮನೆ ಮಾಡಿ, ಕಾಲೇಜೊಂದರ ಗ್ರಂಥಾಲಯದಲ್ಲಿ ಪುಸ್ತಕ ಕೊಡುವ, ಮರಳಿ ಪಡೆಯುವ ಕೆಲಸಕ್ಕೆ ಸೇರಿದೆ. ಗುಣ ಮಾತ್ರ ನನ್ನ ಹಿಂದೆಯೇ ಬಸ್ಸು ಹತ್ತಿ ಬಂತು.

ಈ ಸಲ ಬಂದ ಪ್ರಶ್ನೆ ಲ್ಯಾಪ್‌ಟಾಪಿನದು. ನನ್ನ ಹೆಂಡತಿ ಸುಮಂಗಲಾ ಕಮಲಾಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತಾಳೆ. ಮನುಷ್ಯನ ಹೃದಯ ಹೇಗೆ ಬಡಿಯುತ್ತದೆ, ರಕ್ತ ಯಾವ ಬಾಗಿಲಿನಿಂದ ಒಳಗೆ ಬಂದು ಯಾವ ಬಾಗಿಲಿನಿಂದ ಹೊರಗೆ ಹೋಗುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಚಲಿಸುವ ಚಿತ್ರವಾಗಿ ತಾನೇ ತಯಾರಿಸಿದ್ದಳು. ನಾಲ್ಕೂ ಕಡೆ ತಿರುಗಿಸಿ ನೋಡಬಹುದಾದ ಹೃದಯ. ಆ ವಾರದ ಗುರುವಾರವೇ ತಾಲೂಕಿನ ವಿಜ್ಞಾನ ಶಿಕ್ಷಕರೆಲ್ಲ ಅವಳ ಶಾಲೆಗೆ ಬರುವವರಿದ್ದರು. ಅವರ ಮುಂದೆ ಈ ಪಾಠ ಮಾಡಿ ತೋರಿಸಬೇಕು. ಆದರೆ ನಮ್ಮ ಹಳೆಯ ಲ್ಯಾಪ್‌ಟಾಪ್ ಇಂಥ ಭಾರ ಹೊರುವ ವಯಸ್ಸು ದಾಟಿತ್ತು. ಅಂಗಡಿಯಲ್ಲಿ ಕೇಳಿದಾಗ, “ಮೇಡಂ, ಇಂಥಾ ಚಿತ್ರ ಓಡಬೇಕಂದ್ರ ಗೇಮಿಂಗ್ ಲ್ಯಾಪ್‌ಟಾಪೇ ಬೇಕ್ರಿ. ಸಣ್ಣ ಸೈಜಿಂದು ಬಂದದ, ದಿನಾ ಬಸ್ಸಿನಾಗ ಒಯ್ಯಾಕ ಹಗುರ” ಎಂದರಂತೆ. ಸುಮಂಗಲಾ ಬಂದು ನನಗೆ ಹೇಳಿದಳು. ಅವಳು ಹೇಳಿದ್ದು ಸೋಮವಾರ. ನಾನು ನೋಟ್‌ಬುಕ್ಕಿನ ಪುಟದ ನಡುವೆ ಸ್ಕೇಲಿಟ್ಟು ಗೆರೆ ಎಳೆದದ್ದೂ ಸೋಮವಾರವೇ. ಅಷ್ಟರಮಟ್ಟಿಗೆ ನಾನು ತಡಮಾಡುವವನಲ್ಲ.

ಎಡಕ್ಕೆ ಸಾಧಕ: ಶಕ್ತಿವಂತ, ಸಣ್ಣದು, ಚೀಲದಲ್ಲಿ ಹಿಡಿಯುತ್ತದೆ. ಬಲಕ್ಕೆ ಬಾಧಕ ಎಂದು ಬರೆದದ್ದೇ ತಡ, ಪೆನ್ನು ಏರು ಇಳಿದ ಗಾಡಿಯಂತೆ ತಾನೇ ಓಡಿತು. ಶಕ್ತಿಯೆಲ್ಲ ಸಣ್ಣ ಡಬ್ಬಿಯಲ್ಲಿ ತುರುಕಿದ್ದರಿಂದ ಬಿಸಿಯಾಗುತ್ತದೆ. ನಮ್ಮೂರಲ್ಲಿ ಏಪ್ರಿಲ್ ಬಂತೆಂದರೆ ನಲ್ಲಿಯ ನೀರೇ ಕುದಿಯುತ್ತದೆ, ಇನ್ನು ಇದರ ಗತಿಯೇನು? ತಂಪು ಮಾಡಿಕೊಳ್ಳಲು ಒಳಗಿನ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಕೂಗುತ್ತದೆ. ಬ್ಯಾಟರಿ ಬೇಗ ಮುಗಿಯುತ್ತದೆ. ಪರದೆ ಸಣ್ಣದು, ನಮ್ಮ ಕನ್ನಡಕಗಳೋ ವರ್ಷಕ್ಕೊಮ್ಮೆ ದಪ್ಪವಾಗುತ್ತಿವೆ. ಕೀಲಿಗಳ ಕೆಳಗೆ ಕೆಂಪು, ಹಸಿರು, ನೀಲಿ ದೀಪ. ಗಣಪತಿ ಕೂಡಿಸುವುದೊಂದೇ ಬಾಕಿ. ಕಡೆಯದಾಗಿ, ಗೇಮಿಂಗ್ ಎಂಬ ಹೆಸರು. ಐವತ್ತು ದಾಟಿದ ಟೀಚರಮ್ಮ ಆಟದ ಯಂತ್ರ ಕೊಂಡಳು ಎಂದರೆ ಓಣಿಯವರು ಏನಂದಾರು?

ಮಂಗಳವಾರ ಪುಟ ತೋರಿಸಿದೆ. ಸುಮಂಗಲಾ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಓದಿದಳು. “ಅಲ್ರೀ, ನಿಮ್ಮನ್ನ ನೋಡಾಕ ಬಂದಾಗ ನಮ್ಮಪ್ಪನೂ ಹಿಂಗ ಗೆರಿ ಎಳ್ಕೊಂಡು ಕುಂತಿದ್ರ, ನಾ ಇನ್ನಾ ತವರುಮನ್ಯಾಗೇ ಇರ್ತಿದ್ದೆ.”

“ನನ್ನ ಬಾಧಕದಾಗ ಏನು ಬರೀತಿದ್ರು?”

“ವಿಚಾರ ಮಾಡ್ತಾನ ಅಂತ ಒಂದ ಮಾತು ಬರೀತಿದ್ರು. ಪುಟ ತುಂಬಾ ಅದ ಹರಡತಿತ್ತು.” ಹಂಚಿನ ಮೇಲೆ ರೊಟ್ಟಿ ತಿರುವಿ ಹಾಕಿದಳು. “ಗುರುವಾರ ಯಾರಿಗೂ ಕಾಯೂದಿಲ್ರೀ. ಅಷ್ಟ ಹೇಳ್ತೀನಿ.”

ನನಗೂ ಅವಸರ ತಿಳಿಯಿತು. ಆದರೆ ಹೂಡಿ ನೋಡದೆ ಎತ್ತು ತರುವುದು ಹೇಗೆ? ಎಂಟು ದಿನ ಬೇಡ, ಒಂದು ದಿನವಾದರೂ ಮನೆಗೆ ಕೊಡುತ್ತೀರಾ ಎಂದು ಅಂಗಡಿಯವರನ್ನು ಕೇಳಿದೆ, ನಕ್ಕರು. ಆಗ ನನಗೊಂದು ಉಪಾಯ ಹೊಳೆಯಿತು. ಲ್ಯಾಪ್‌ಟಾಪು, ಅದರ ಇಟ್ಟಿಗೆಯಂಥ ಚಾರ್ಜರು ಸೇರಿ ಎಷ್ಟು ತೂಕವೋ ಅಷ್ಟೇ ತೂಕದ ಜೋಳವನ್ನು ಓಣಿಯ ಕಿರಾಣಿ ಅಂಗಡಿಯಲ್ಲಿ ತೂಗಿಸಿ, ಬಟ್ಟೆಯ ಚೀಲಕ್ಕೆ ತುಂಬಿ, ಬಾಯಿ ಹೊಲಿದು ಹೆಗಲಿಗೆ ಹಾಕಿಕೊಂಡೆ. ಬುಧವಾರ ಕಾಲೇಜಿಗೆ ರಜೆ ಬರೆದು, ಸುಮಂಗಲಾಳ ಜೊತೆಗೇ ಬಸ್ಸು ಹತ್ತಿದೆ. ದಿನವೂ ಒಯ್ಯುವವರ ಕಷ್ಟ ನಾನೇ ಅನುಭವಿಸಿ ತೀರ್ಮಾನಿಸುವುದು ಎಂದು ನಿಶ್ಚಯ. ಆಕೆಗೆ ಸೀಟು ಸಿಕ್ಕಿತು. ನನಗೂ ಸಿಗುತ್ತಿತ್ತು; ಪರೀಕ್ಷೆಯ ಸಲುವಾಗಿ ಬೇಕೆಂದೇ ನಿಂತೆ.

ನಾನು ನಿಂತ ಜಾಗದ ಪಕ್ಕದ ಸೀಟಿನಲ್ಲಿ ಮಹಾಗಾಂವಕ್ಕೆ ಹೊರಟ ಒಬ್ಬ ಅಜ್ಜಿ. ಬಸ್ಸು ತಿರುವಿಗೆ ವಾಲಿದಾಗಲೆಲ್ಲ ನನ್ನ ಚೀಲ ಅವರ ಭುಜಕ್ಕೆ ಬಡಿಯುತ್ತಿತ್ತು.

“ಏನದನೋ ತಮ್ಮಾ ಚೀಲದಾಗ?”

ಪೂರ್ತಿ ವಿವರಿಸಲು ನಾಚಿಕೆಯಾಗಿ, “ಲ್ಯಾಪ್‌ಟಾಪ್ ಅದ ಅವ್ವಾ” ಎಂದೆ.

ಅಜ್ಜಿ ಎರಡು ಬೆರಳಲ್ಲಿ ಚೀಲವನ್ನು ಹಿಚುಕಿದರು. ಎಪ್ಪತ್ತು ವರ್ಷ ಜೋಳ ಕೇರಿದ ಬೆರಳು. ಅದರ ಮುಂದೆ ಯಾವ ಸುಳ್ಳು ನಿಂತೀತು? “ಜ್ವಾಳ ಅದಾವಲ್ಲೋ ಯಪ್ಪಾ!” ಎಂದು ಬಸ್ಸಿಗೆಲ್ಲ ಕೇಳುವಂತೆ ಕೂಗಿದರು. “ಜ್ವಾಳ ಹಳ್ಳಿಯಿಂದ ಪ್ಯಾಟಿಗಿ ಹೋಗೂದು ನೋಡೀನಿ. ನೀ ಪ್ಯಾಟಿಯಿಂದ ಹಳ್ಳಿಗಿ ಒಯ್ಲಾಕತ್ತೀದಿ. ಯಾರೂ ಹೇಳೋರಿಲ್ಲೇನು ಮನ್ಯಾಗ?”

ಮನೆಯಲ್ಲಿ ಹೇಳುವವಳು ಎರಡು ಸೀಟು ಮುಂದೆ ಕೂತು, ನನ್ನನ್ನು ಜನ್ಮದಲ್ಲಿ ಕಂಡಿಲ್ಲದವಳ ಹಾಗೆ ಕಿಟಕಿಯ ಹೊರಗಿನ ತೊಗರಿ ಹೊಲವನ್ನು ನೋಡುತ್ತಿದ್ದಳು. ಅವಳ ಹೆಗಲು ಮಾತ್ರ ನಗುವಿಗೆ ಅಲುಗುತ್ತಿತ್ತು.

ಕಮಲಾಪುರದಲ್ಲಿ ಇಳಿದಾಗ ನನ್ನ ಭುಜ ಹಿಡಿದುಕೊಂಡಿತ್ತು. “ತೂಕ ಭಾಳ ಆತು, ಬಾಧಕದಾಗ ಬರೀಬೇಕು” ಎಂದೆ. ಸುಮಂಗಲಾ ನಿಂತಳು. ನನ್ನ ಜೋಳದ ಚೀಲವನ್ನು ತೆಗೆದುಕೊಂಡು, ತನ್ನ ಹೆಗಲಿನ ಚೀಲವನ್ನು ನನಗೆ ದಾಟಿಸಿದಳು. “ಸಾಲಿತನಕ ಇದನ್ನ ಹಿಡೀರಿ.” ನಾನು ಒಂದು ಕಡೆಗೆ ವಾಲಿದೆ. ಅದರೊಳಗೆ ನಮ್ಮ ಹಳೆಯ ದಪ್ಪ ಲ್ಯಾಪ್‌ಟಾಪು, ತಿದ್ದಿದ ನೋಟ್‌ಬುಕ್ಕುಗಳ ಕಟ್ಟು, ಬುತ್ತಿ, ನೀರಿನ ಬಾಟಲಿ, ಛತ್ರಿ, ಜೊತೆಗೆ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ, ಪ್ಲಾಸ್ಟರಿನಿಂದ ಮಾಡಿದ ಹೃದಯ. “ಇದ್ಯಾಕ?” ಎಂದೆ. “ಯಂತ್ರದಾಗಿಂದು ನಿಂತ್ರ ಇರ್ಲಿ ಅಂತ.” ಹನ್ನೊಂದು ವರ್ಷದಿಂದ ಈ ಚೀಲ ನಮ್ಮ ಮನೆಯ ಬಾಗಿಲ ಹಿಂದಿನ ಗೂಟಕ್ಕೆ ತೂಗುತ್ತಿದೆ. ಒಂದು ದಿನವೂ ನಾನು ಅದನ್ನು ಎತ್ತಿ ನೋಡಿರಲಿಲ್ಲ.

ಮೊದಲ ಪಾಠಕ್ಕೆ ಹಿಂದಿನ ಬೆಂಚಿನಲ್ಲಿ ಕೂತೆ. ಪ್ರೊಜೆಕ್ಟರ್ ಹಚ್ಚಿದಾಗ ಗೋಡೆಯ ಮೇಲೆ ಲ್ಯಾಪ್‌ಟಾಪಿನ ಹೃದಯ ಮೂಡಿತು. ಒಮ್ಮೆ ಬಡಿಯಿತು. ಇನ್ನೊಮ್ಮೆ ಅರ್ಧ ಬಡಿದು ಹಾಗೆಯೇ ನಿಂತಿತು. ಮುಂದಿನ ಬೆಂಚಿನ ಹುಡುಗಿ ಗಾಬರಿಯಿಲ್ಲದೆ, ಹಾಜರಿ ಹೇಳುವ ದನಿಯಲ್ಲಿ, “ಹಾರ್ಟ್ ನಿಂತದ್ರೀ ಟೀಚರ್” ಎಂದಳು. ಸುಮಂಗಲಾಳೂ ಅಷ್ಟೇ ಸಹಜವಾಗಿ ಸೀರೆಯ ತುಂಡು ಬಿಚ್ಚಿ ಪ್ಲಾಸ್ಟರಿನ ಹೃದಯವನ್ನು ಎತ್ತಿ ಹಿಡಿದು ಪಾಠ ಮುಂದುವರಿಸಿದಳು. ಯಾರಿಗೂ ಏನೂ ಆದಂತಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತ ಒಬ್ಬ ದಡ್ಡನಿಗೆ ಮಾತ್ರ ಪಾಠ ತಿಳಿಯಿತು. ಗೆರೆಯ ಆಚೆ ಈಚೆ ನಾನು ಬರೆದದ್ದೆಲ್ಲ ಹೊಸ ಯಂತ್ರದ್ದು; ಇದ್ದದ್ದನ್ನೇ ಇಟ್ಟುಕೊಂಡರೆ ಏನು ಬಾಧಕ ಎಂದು ಎಲ್ಲೂ ಬರೆದಿರಲಿಲ್ಲ.

ಆ ಸಂಜೆಯೇ ಊರಿಗೆ ಬಂದು, ಬಸ್ ಸ್ಟ್ಯಾಂಡಿನಿಂದ ಸೀದಾ ಅಂಗಡಿಗೆ ಹೋದೆವು. ಅಂಗಡಿಯವರು ಬಿಳಿಯದೋ ಕರಿಯದೋ ಎಂದರು. ಅಭ್ಯಾಸಬಲದಿಂದ ನನ್ನ ಬಾಯಿ ತೆರೆಯಿತು. ಸುಮಂಗಲಾ ತಿರುಗಿ ನೋಡಿದಳು, ಬಾಯಿ ಮುಚ್ಚಿತು. ಕರಿಯದು ಬಂತು. ಮನೆಗೆ ತಂದು ವಿಭೂತಿ, ಕುಂಕುಮ ಹಚ್ಚಿ, ಕಾಯಿ ಒಡೆದೆವು. ಗುರುವಾರ ಕಮಲಾಪುರದಲ್ಲಿ ಹೃದಯ ಪಾಠ ಮುಗಿಯುವವರೆಗೂ ಬಡಿಯಿತಂತೆ. ಎರಡು ಶಾಲೆಯವರು ತಮ್ಮ ಮಕ್ಕಳಿಗೂ ಬಂದು ತೋರಿಸಿ ಎಂದು ಕೇಳಿದರಂತೆ. ಸಂಜೆ ಬಂದ ಸುಮಂಗಲಾ ಚಪ್ಪಲಿ ಬಿಡುವ ಮೊದಲೇ ಇಷ್ಟನ್ನೂ ಹೇಳಿ, ಕಮಲಾಪುರದ ಕೆಂಪು ಬಾಳೆಹಣ್ಣಿನ ಒಂದು ಚಿಪ್ಪನ್ನು ನನ್ನ ಮುಂದಿಟ್ಟಳು. ಬಿಸಿ, ಸದ್ದು, ಬ್ಯಾಟರಿ ಎಲ್ಲ ನಾನು ಬರೆದ ಹಾಗೆಯೇ ಇವೆ. ಬಾಳೆಹಣ್ಣು ತಿನ್ನುವಾಗ ಆ ಮಾತು ಎತ್ತುವುದು ಸರಿಯಲ್ಲ ಎಂದು ಇನ್ನೊಂದು ಹಣ್ಣು ಸುಲಿದೆ.

ಹೋದ ವಾರ ಸುಮಂಗಲಾಳ ಶಾಲೆಯ ಮುಖ್ಯ ಗುರುಗಳು ನನಗೆ ಫೋನ್ ಮಾಡಿದರು. ಅವರಿಗೂ ಒಂದು ಲ್ಯಾಪ್‌ಟಾಪ್ ಬೇಕು. “ನಮ್ಮ ಮನಿಯವರನ್ನ ಕೇಳ್ರಿ, ಭಾಳ ಅಭ್ಯಾಸ ಮಾಡ್ಯಾರ” ಎಂದು ಸುಮಂಗಲಾ ನಂಬರು ಕೊಟ್ಟಿದ್ದಳು. “ಸಣ್ಣದೋ ದೊಡ್ಡದೋ, ನೀವ ಹೇಳಬೇಕು ನೋಡ್ರಿ ಸರ” ಎಂದರು. ನಾನು ತಡವರಿಸದೆ, “ಸಣ್ಣದು ತಗೊಳ್ರಿ ಸರ. ಇವತ್ತ ಸಂಜಿಗಿ ಹೋಗಿ ತಂದುಬಿಡ್ರಿ” ಎಂದೆ. ಅವರು “ಆತ್ರಿ” ಎಂದು ಫೋನ್ ಇಟ್ಟರು. ಮರುದಿನ ಅವರು ಸ್ಟಾಫ್ ರೂಮಿನಲ್ಲಿ ಸುಮಂಗಲಾಳಿಗೆ, “ಮೇಡಂ, ತಪ್ಪು ತಿಳೀಬ್ಯಾಡ್ರಿ, ನಿಮ್ಮ ಮನಿಯವರು ಜರಾ ಅವಸರದವರು ಕಾಣ್ತಾರ. ಹಿಂದ ಮುಂದ ವಿಚಾರ ಮಾಡೂದಿಲ್ಲೇನು?” ಎಂದರಂತೆ. ಬಸ್ಸಿನಲ್ಲಿ ಮಹಾಗಾಂವ ದಾಟುವವರೆಗೂ ಸುಮಂಗಲಾ ಒಬ್ಬಳೇ ನಕ್ಕಳಂತೆ. ಐವತ್ಮೂರು ವರ್ಷದಲ್ಲಿ ನನ್ನನ್ನು ಯಾರೂ ಹಾಗೆ ಅಂದದ್ದಿಲ್ಲ. ಇದನ್ನು ಹೊಗಳಿಕೆ ಎಂದುಕೊಳ್ಳುವುದೋ ತೆಗಳಿಕೆ ಎಂದುಕೊಳ್ಳುವುದೋ ಎಂದು ನಾಲ್ಕು ದಿನದಿಂದ ವಿಚಾರ ಮಾಡುತ್ತಿದ್ದೇನೆ.