ಇಪ್ಪತ್ತು ಜನರಿಗೆ ಮಾತ್ರ

ಎರಡು ಹನಿ ಸಾಕು ಅಂದುಕೊಂಡೇ ಟೇಪಣ್ಣ ಸೆಂಟಿನ ಬಾಟಲಿ ಎತ್ತಿಕೊಂಡಿದ್ದು. ಬಾಟಲಿ ಭಾವನದು, ಮುಚ್ಚಳ ಕಚ್ಚಿಕೊಂಡಿತ್ತು. ಹಲ್ಲಿನಿಂದ ಎಳೆದ. ಮುಚ್ಚಳ ಹಲ್ಲಿನಲ್ಲಿ ಉಳಿಯಿತು, ಸೆಂಟು ಅಂಗಿಯ ಮೇಲೆ ಇಳಿಯಿತು. ಇಸ್ತ್ರಿ ಮಾಡಿದ್ದು ಅದೊಂದೇ ಅಂಗಿ, ಬಸ್ಸಿಗೆ ಉಳಿದಿದ್ದು ಹತ್ತೇ ನಿಮಿಷ. ಹಾಗೇ ಹೊರಟ.

ಅಡುಗೆಮನೆಯಿಂದ ಅಕ್ಕ ತಲೆ ಹೊರಹಾಕಿ, "ಮನೆಗೆ ಯಾರೋ ಬಂದ್ರಾ?" ಅಂದಳು. ಬಂದಿರುವುದು ಯಾರೂ ಅಲ್ಲ, ಹೊರಟಿರುವುದು ತಮ್ಮ ಅಂತ ತಿಳಿದ ಮೇಲೆ ಅವನನ್ನು ಮೇಲಿಂದ ಕೆಳಗೆ ನೋಡಿ ಸುಮ್ಮನೆ ಒಳಗೆ ಹೋದಳು. ಅಕ್ಕ ಸುಮ್ಮನಾದಳೆಂದರೆ ಮಾತನ್ನು ಸಂಜೆಗೆ ಎತ್ತಿಟ್ಟಿದ್ದಾಳೆ ಎಂದು ಅರ್ಥ. ನಲವತ್ತೆರಡು ವರ್ಷದಿಂದ ಅವಳ ತಮ್ಮನಾಗಿರುವವನಿಗೆ ಇಷ್ಟು ಗೊತ್ತಿರದೆ ಇರುತ್ತದೆಯೇ.

ಟೇಪಣ್ಣ ಅನ್ನುವುದು ಅವನ ಹೆಸರಲ್ಲ. ಅವನು ಅಗ್ನಿ ಸುರಕ್ಷತೆಯ ಕಚೇರಿಯಲ್ಲಿ ತಪಾಸಣೆಯವನು. ಹದಿನೇಳು ವರ್ಷದಿಂದ ಅಳತೆಯ ಟೇಪನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಊರಿನ ಸಭಾಂಗಣ, ಅಂಗಡಿ, ಟ್ಯೂಷನ್ ಕೋಣೆಗಳನ್ನೆಲ್ಲ ಅಳೆದು, ಎಲ್ಲಿ ಎಷ್ಟು ಜನ ಸೇರಬಹುದು ಎಂದು ಫಲಕ ಹಾಕುವುದು ಅವನ ಕೆಲಸ. ಸ್ವಂತ ಅಕ್ಕನ ಹೊಲಿಗೆ ತರಗತಿಗೂ 'ಒಂಬತ್ತು ಜನರಿಗೆ ಮಾತ್ರ' ಎಂದು ಬರೆದು ಹತ್ತನೆಯವಳನ್ನು ಬಾಗಿಲಿಂದಲೇ ಕಳಿಸಿದ್ದ. ಆ ತಿಂಗಳು ಮನೆಯಲ್ಲಿ ಅವನ ತಟ್ಟೆಗೆ ಉಪ್ಪು ಬೀಳಲಿಲ್ಲ.

ಆ ಶನಿವಾರ ಅವನಿಗಿದ್ದ ಆಸೆ ಒಂದೇ ಒಂದು. ಹಳೆಯ ಬೈಂಡಿಂಗ್ ಅಂಗಡಿಯ ಮೇಲಿನ ಕೋಣೆಯಲ್ಲಿ ಹೊಸದಾಗಿ ಒಂದು ಚಹಾಕೂಟ ಶುರುವಾಗಿತ್ತು. ಪ್ರತಿ ಶನಿವಾರ ನಾಲ್ಕು ಗಂಟೆಗೆ, ಗಂಡಸರನ್ನು ಇಷ್ಟಪಡುವ ಗಂಡಸರಿಗೆ. ಚಹಾ, ಕೇರಂ, ಹರಟೆ, ಅಷ್ಟೇ. ಫೋನಿನಲ್ಲಿ ಬಂದಿದ್ದ ಆ ನಾಲ್ಕು ಸಾಲಿನ ಪ್ರಕಟಣೆಯನ್ನು ಅವನು ಮೂರು ತಿಂಗಳಲ್ಲಿ ಎಷ್ಟು ಸಲ ಓದಿದ್ದನೋ. ಎರಡು ಸಲ ಆ ಬೀದಿಯ ತಿರುವಿನವರೆಗೂ ಹೋಗಿ, ಏನೋ ಮರೆತವನ ಹಾಗೆ ಜೇಬು ತಟ್ಟಿಕೊಂಡು ವಾಪಸು ಬಂದಿದ್ದ. ಊರಿನ ಅರ್ಧದಷ್ಟು ಕೋಣೆಗಳನ್ನು ಅಳೆದ ಮನುಷ್ಯ, ತನ್ನ ನಾಲಿಗೆಗೆ ತಾನೇ ಕಾವಲಿರದೆ ಕೂರಬಹುದಾದ ಒಂದು ಕೋಣೆಯಲ್ಲಿ ಒಂದು ಗಂಟೆಯನ್ನೂ ಕಳೆದಿರಲಿಲ್ಲ. ಇವತ್ತು ಏನೇ ಆಗಲಿ ಮೆಟ್ಟಿಲು ಹತ್ತುವುದೇ ಎಂದು ತೀರ್ಮಾನಿಸಿಯೇ ಸೆಂಟಿಗೆ ಕೈ ಹಾಕಿದ್ದು.

ಬಸ್ಸಿನಲ್ಲಿ ಅವನ ಪಕ್ಕದ ಸೀಟು ಕೊನೆಯವರೆಗೂ ಖಾಲಿ ಇತ್ತು. ಕಚೇರಿಯಲ್ಲಿ ಹಾಗಾಗಲಿಲ್ಲ. ಟೈಪಿಸ್ಟ್ ಮೇಡಂ ಮೂಗೇರಿಸಿಕೊಂಡು ವಾಸನೆಯ ಜಾಡು ಹಿಡಿದು, ಎರಡು ಕಪಾಟು ದಾಟಿ, ನೇರ ಅವನ ಮೇಜಿಗೆ ಬಂದು ನಿಂತರು. ಬೇರೆಯವರ ಬದುಕಿನಲ್ಲಿ ಏನೂ ನಡೆಯದಿದ್ದರೆ ಆಕೆಗೆ ತಲೆನೋವು ಬರುತ್ತಿತ್ತು.

"ಯಾರು ಅವಳು?" ಅಂದರು.

ಯಾರೂ ಇಲ್ಲ ಅಂದ. ಇಸ್ತ್ರಿ ಅಂಗಿ ಯಾಕೆ ಅಂತ ಕೇಳಿದರು. ಬೇರೆಯವನ್ನ ಒಗೆಯಕ್ಕೆ ಹಾಕಿದೀನಿ ಅಂದ. ಮಧ್ಯಾಹ್ನದ ಹೊತ್ತಿಗೆ ಮೇಡಂ ಅವಳಿಗೆ ವಯಸ್ಸು, ಉದ್ಯೋಗ, ಎತ್ತರ ಎಲ್ಲ ಕೊಟ್ಟು ಮುಗಿಸಿದ್ದರು. ಇವನು ಮಾತಿಗೆ ತಡವರಿಸುವವನು, ಒಬ್ಬನೇ ಹೋದರೆ ಕೆಲಸ ಕೆಡುತ್ತದೆ, ಆದ್ದರಿಂದ ತಾನೂ ಬರುತ್ತೇನೆ, ದೂರದ ಮೇಜಿನಲ್ಲಿ ಕೂತು ಬರೀ ನೋಡುತ್ತೇನೆ ಎಂದು ಕೈಚೀಲ ಹೆಗಲಿಗೇರಿಸಿಕೊಂಡರು.

ತಪ್ಪಿಸಿಕೊಳ್ಳಲು ಟೇಪಣ್ಣ ಬಾಯಿಗೆ ಬಂದದ್ದನ್ನು ಹೇಳಿದ. "ಹಾಗೇನಿಲ್ಲ ಮೇಡಂ, ತಪಾಸಣೆಗೆ ಹೋಗ್ತಿದೀನಿ. ಬೈಂಡಿಂಗ್ ಅಂಗಡಿ ಮೇಲಿನ ಕೋಣೆ."

ಸುಳ್ಳು ಹೇಳಿ ಅಭ್ಯಾಸವಿಲ್ಲದವರಿಗೆ ಬರುವ ಕಷ್ಟವೇ ಇದು. ಮನಸ್ಸಿನಲ್ಲಿ ಇರುವ ವಿಳಾಸವೇ ಬಾಯಿಗೂ ಬರುತ್ತದೆ. ಮೇಡಂ ಬಿಡಲಿಲ್ಲ, ರಿಜಿಸ್ಟರ್ ತೆಗೆದು ಬೆರಳಾಡಿಸಿದರು. ಆ ಕೋಣೆಗೆ ಪರವಾನಗಿ ಕೇಳಿದ ಅರ್ಜಿ ನಿಜವಾಗಿಯೂ ಇತ್ತು. ಮೂರು ವಾರದಿಂದ ದೊಡ್ಡ ಸಾಹೇಬರ ಮೇಜಿನ ಮೇಲೆ ಕೂತಿತ್ತು.

"ಯಾವ ಕೋಣೆ?" ಎಂದು ಹಿಂದಿನಿಂದ ದನಿ ಬಂತು.

ದೊಡ್ಡ ಸಾಹೇಬರು ಕ್ಯಾಬಿನ್ನಿನ ಬಾಗಿಲಲ್ಲಿ ನಿಂತಿದ್ದರು. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಅವರು ನಕ್ಕಿದ್ದನ್ನು ಕಂಡವರಿಲ್ಲ. ಸಹಿ ಕೂಡ ಸ್ಕೇಲು ಇಟ್ಟು ಎಳೆದ ಹಾಗಿರುತ್ತಿತ್ತು. ಮೇಡಂ ಉತ್ಸಾಹದಿಂದ ವಿಳಾಸ ಓದಿದರು. ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಇವತ್ತೇನಾ ಹೋಗೋದು?"

"ಹೌದು ಸಾರ್," ಅಂದ ಟೇಪಣ್ಣ. ಇನ್ನೇನು ಹೇಳಲು ಸಾಧ್ಯವಿತ್ತು.

"ನಾನೂ ಬರ್ತೀನಿ. ಟೇಪು ತಗೊಳ್ಳಿ."

ಮೇಡಂ ಕೈಚೀಲ ಕೆಳಗಿಳಿಸಿದರು, ಜೀಪು ಹೊರಟಿತು. ಟೇಪಣ್ಣನ ತಲೆಯೊಳಗೆ ನಿಯಮಾವಳಿಯ ಪುಟಗಳು ಒಂದೊಂದಾಗಿ ಮಗುಚುತ್ತಿದ್ದವು. ಹಳೆಯ ಕಟ್ಟಡ. ಎರಡನೆಯ ಬಾಗಿಲು ಇದೆಯೋ ಇಲ್ಲವೋ. ಇದ್ದರೆ ತೆರೆಯುತ್ತದೋ ಇಲ್ಲವೋ. ಒಂದು ತಪ್ಪು ಸಿಕ್ಕರೆ ಸಾಹೇಬರು ನಿಂತ ಕಾಲಲ್ಲೇ ಬೀಗ ಹಾಕಿಸುವವರು. ಮೂರು ತಿಂಗಳಿಂದ ಕನಸಿನಲ್ಲಿ ಹತ್ತಿದ ಮೆಟ್ಟಿಲನ್ನು ಇವತ್ತು ಬೀಗ, ಅರಗು ಹಿಡಿದುಕೊಂಡು ಹತ್ತಬೇಕಾಗಿದೆಯಲ್ಲ ಎಂದು ಅವನಿಗೆ ಅಳು ಬರುವ ಹಾಗಾಯಿತು.

ಬಾಗಿಲು ತಟ್ಟಿ ಒಳಗೆ ಕಾಲಿಟ್ಟಾಗ ಕೇರಂ ಬೋರ್ಡಿನ ಮೇಲೆ ಸ್ಟ್ರೈಕರ್ ಇನ್ನೂ ಉರುಳುತ್ತಿತ್ತು. ಅದೊಂದು ಬಿಟ್ಟು ಉಳಿದದ್ದೆಲ್ಲ ನಿಂತುಹೋಯಿತು. ಕಚೇರಿಯ ಬಿಲ್ಲೆ ತೂಗಿಸಿಕೊಂಡ ಇಬ್ಬರನ್ನು ಕಂಡು ಒಬ್ಬ ಚಹಾದ ಲೋಟದ ಹಿಂದೆ ಅಡಗಲು ನೋಡಿದ. ಆದರೆ ಅವನು ಆರಡಿ ಎತ್ತರ, ಲೋಟ ನಾಲ್ಕು ಬೆರಳು. ಕೋಣೆ ನಡೆಸುತ್ತಿದ್ದವರು ಭೂಗೋಳ ಕಲಿಸಿ ನಿವೃತ್ತರಾದ ಮೇಷ್ಟ್ರು. ಅವರು ಎದ್ದು ಬಂದು, ಅರ್ಜಿ ತಾವೇ ಕೊಟ್ಟಿದ್ದು, ಎಲ್ಲವನ್ನೂ ನೋಡಬಹುದು ಎಂದು ನಡುಗದ ದನಿಯಲ್ಲಿ ಹೇಳಿದರು. ಕೈಯಲ್ಲಿದ್ದ ಸಾಸರು ಮಾತ್ರ ಕಟಕಟ ಅನ್ನುತ್ತಿತ್ತು.

ತಪಾಸಣೆ ಶುರುವಾಯಿತು. ಬೆಂಕಿ ಆರಿಸುವ ಸಿಲಿಂಡರ್ ಸರಿಯಾಗಿತ್ತು. ಒಲೆಯ ಪಕ್ಕ ಪರದೆ ತೂಗುತ್ತಿತ್ತು. ಸಾಹೇಬರ ಕಣ್ಣು ಅತ್ತ ತಿರುಗುವ ಮೊದಲೇ ಟೇಪಣ್ಣ ಅದನ್ನು ಕಿತ್ತು ಮಡಿಸಿ ಕಂಕುಳಿಗೆ ಇಟ್ಟುಕೊಂಡ. ಎರಡನೆಯ ಬಾಗಿಲಿಗೆ ಅಡ್ಡವಾಗಿ ಪುಸ್ತಕದ ಕಪಾಟು ನಿಂತಿತ್ತು. ಬೀಗ ಹಾಕಲು ಅದೊಂದೇ ಸಾಕು.

"ಏನ್ರೀ ಇದು?" ಅಂದರು ಸಾಹೇಬರು.

"ಸರಿಸಿದ್ರೆ ಆಗತ್ತೆ ಸಾರ್," ಅಂದ ಟೇಪಣ್ಣ. ಹದಿನೇಳು ವರ್ಷದಲ್ಲಿ ಯಾವ ಕಟ್ಟಡಕ್ಕೂ ಅವನು ಆಡಿರದ ಮಾತು ಅದು.

"ಹಾಗಾದ್ರೆ ಸರಿಸಿ," ಅಂದರು ಸಾಹೇಬರು. ಅದೂ ಅವರು ಎಂದೂ ಆಡಿರದ ಮಾತೇ. ಆ ಗಾಬರಿಯಲ್ಲಿ ಟೇಪಣ್ಣನಿಗೆ ಅದು ಹೊಳೆಯಲಿಲ್ಲ.

ಆರು ಜನ ಸೇರಿ ಕಪಾಟು ನೂಕಿದರು. ಹಿಂದಿದ್ದ ಬಾಗಿಲು ಹಳೆಯ ಬಣ್ಣದಲ್ಲಿ ಅಂಟಿಕೊಂಡಿತ್ತು. ಟೇಪಣ್ಣ ಭುಜ ಕೊಟ್ಟು ನೂಕಿದ, ಮತ್ತೊಮ್ಮೆ ನೂಕಿದ, ಮೂರನೆಯ ಸಲಕ್ಕೆ ಬಾಗಿಲ ಜೊತೆಗೇ ಹೊರಗಿನ ಕಬ್ಬಿಣದ ಮೆಟ್ಟಿಲ ಮೇಲೆ ಹೋಗಿ ಬಿದ್ದ. ತಲೆ ತುಂಬ ಜೇಡರ ಬಲೆ ಹೊತ್ತುಕೊಂಡು ಒಳಗೆ ಬಂದು, "ತುರ್ತು ಬಾಗಿಲು ತೆರೆಯುತ್ತೆ ಸಾರ್," ಎಂದು ವರದಿ ಕೊಟ್ಟ.

ಕೊನೆಗೆ ಅಳತೆ. ಟೇಪಿನ ಇನ್ನೊಂದು ತುದಿ ಹಿಡಿಯಲು ಒಬ್ಬರು ಬೇಕಿತ್ತು. ಕಿಟಕಿಯ ಬಳಿ ಕೂತಿದ್ದ ಒಬ್ಬ ಎದ್ದು ಬಂದ. ಸಣ್ಣ ಸುತ್ತಿಗೆ, ಸಣ್ಣ ಅರ ಹಿಡಿದು ಪಳಗಿದ ಬೆರಳು. ತಾನು ಹಲ್ಲಿನ ಸೆಟ್ ಕಟ್ಟುವವನು, ಅಳತೆ ಅಂದರೆ ಕೂದಲೆಳೆಯಷ್ಟೂ ತಪ್ಪುವುದಿಲ್ಲ ಎಂದು ಮೆಲ್ಲಗೆ ಹೇಳಿದ. ಆಮೇಲೆ ಟೇಪಣ್ಣನ ಕೂದಲಲ್ಲಿ ಉಳಿದಿದ್ದ ಜೇಡರ ಬಲೆಯನ್ನು ಎರಡು ಬೆರಳಲ್ಲಿ ತೆಗೆದು ಹಾಕಿದ. ಟೇಪಣ್ಣನಿಗೆ ಗೋಡೆಯ ಉದ್ದ ಮರೆತುಹೋಗಿ ಎರಡು ಸಲ ಅಳೆಯಬೇಕಾಯಿತು.

ಹಲ್ಲು ಕಟ್ಟುವವನ ಪಕ್ಕದಲ್ಲಿ ಒಂದು ಕುರ್ಚಿ ಖಾಲಿ ಇತ್ತು. ಟೇಪಣ್ಣ ಅಭ್ಯಾಸದಂತೆ ತಲೆ ಎಣಿಸಿದ. ಮೇಷ್ಟ್ರನ್ನೂ ಸೇರಿಸಿ ಹತ್ತೊಂಬತ್ತು. ಕಪಾಟು, ಚಹಾದ ಮೇಜು ಕಳೆದು ಉಳಿದದ್ದು ಮೂವತ್ತೊಂದು ಪಾಯಿಂಟ್ ಎರಡು ಚದರ ಮೀಟರ್. ಒಬ್ಬರಿಗೆ ಒಂದೂವರೆಯಂತೆ ಭಾಗಿಸಿದ.

"ಇಪ್ಪತ್ತು ಪಾಯಿಂಟ್ ಎಂಟು ಸಾರ್."

ಸಾಹೇಬರು ಸ್ವಲ್ಪ ಹೊತ್ತು ಆ ಲೆಕ್ಕವನ್ನೇ ನೋಡಿದರು. "ಇಪ್ಪತ್ತೊಂದು ಅಂತ ಹಾಕಕ್ಕಾಗಲ್ವಾ?"

ಟೇಪಣ್ಣನಿಗೆ ಹಳೆಯದೊಂದು ನೆನಪಾಯಿತು. ಹಿಂದೆ ಇನ್ನೊಬ್ಬ ತಪಾಸಣೆಯವನು ಹೀಗೇ ಲೆಕ್ಕವನ್ನು ಮೇಲಕ್ಕೆ ಹತ್ತಿಸಿ, ಇದೇ ಸಾಹೇಬರ ಕೈಯಿಂದ ಅಮಾನತಾಗಿ ಆರು ತಿಂಗಳು ಮನೆಯಲ್ಲಿ ಕೂತಿದ್ದ. ಇದು ತನ್ನನ್ನು ಪರೀಕ್ಷೆ ಮಾಡುತ್ತಿರುವುದೇ ಸರಿ. ಅದೂ ಅಲ್ಲದೆ ಕೋಣೆಯಲ್ಲಿ ಹತ್ತೊಂಬತ್ತು ಜನ, ತಾನು ಸೇರಿದರೆ ಇಪ್ಪತ್ತು. ಇನ್ನೊಬ್ಬರು ಯಾಕೆ ಬೇಕು.

"ಆಗಲ್ಲ ಸಾರ್," ಅಂದ ಗಟ್ಟಿಯಾಗಿ. "ಮುಕ್ಕಾಲು ಮನುಷ್ಯನ್ನ ಪೂರ್ತಿ ಅಂತ ಬರಿಯೋ ಹಾಗಿಲ್ಲ."

ಸಾಹೇಬರು ನಿಟ್ಟುಸಿರು ಬಿಟ್ಟು ಪರವಾನಗಿಗೆ ಸಹಿ ಹಾಕಿದರು. ಫಲಕ ಹೊಡೆದು ಬನ್ನಿ, ನಾನು ಕೆಳಗೆ ಹೋಗುತ್ತೇನೆ ಎಂದು ಮೆಟ್ಟಿಲಿಳಿದರು. ಜೀಪು ಹೊರಟ ಸದ್ದು ಕೇಳಿತು.

'ಈ ಕೋಣೆಯಲ್ಲಿ ಒಮ್ಮೆಗೆ ಇಪ್ಪತ್ತು ಜನರಿಗೆ ಮಾತ್ರ ಅವಕಾಶ.' ಟೇಪಣ್ಣ ನಾಲ್ಕನೆಯ ಮೊಳೆ ಹೊಡೆದು ಸುತ್ತಿಗೆ ಕೆಳಗಿಟ್ಟ. ತಿರುಗಿ ನಿಂತಾಗ ಎಲ್ಲರೂ ಅವನನ್ನೇ ನೋಡುತ್ತಿದ್ದರು, ಇನ್ನೂ ಏನು ಬಾಕಿ ಇದೆಯೋ ಎಂಬ ಹೆದರಿಕೆಯಲ್ಲಿ. ಅವನು ಕೊರಳ ಬಿಲ್ಲೆ ತೆಗೆದು ಜೇಬಿಗೆ ಹಾಕಿದ.

"ನಾನು... ಅಳೆಯಕ್ಕೆ ಅಂತ ಬರಬೇಕಾಗಿದ್ದವನಲ್ಲ," ಅಂದ. "ಸುಮ್ಮನೆ ಬರಬೇಕು ಅಂತಿದ್ದೆ. ಮೂರು ತಿಂಗಳಿಂದ. ನಾನೂ ನಿಮ್ಮ ಹಾಗೇ."

ಈ ಮಾತನ್ನು ಅವನು ಗಟ್ಟಿಯಾಗಿ ಆಡಿದ್ದು ಜೀವಮಾನದಲ್ಲಿ ಅದೇ ಮೊದಲು. ಲೋಟದ ಹಿಂದೆ ಅಡಗಿದ್ದ ಆರಡಿಯವನು ನಗಲು ಶುರು ಮಾಡಿದ, ಕೋಣೆಗೆ ಕೋಣೆಯೇ ನಕ್ಕಿತು. ಯಾರೋ ಬೆನ್ನು ತಟ್ಟಿದರು, ಇನ್ಯಾರೋ ಚಹಾ ಕೈಗಿಟ್ಟರು. ಹಲ್ಲು ಕಟ್ಟುವವನು ಪಕ್ಕದ ಕುರ್ಚಿಯನ್ನು ಕೈಯಿಂದ ಒರೆಸಿದ. ಆ ಕುರ್ಚಿ ಇವತ್ತು ಬರುತ್ತೇನೆ ಎಂದು ಹೇಳಿಕಳಿಸಿದ್ದ ಹೊಸಬರೊಬ್ಬರಿಗೆ ಇಟ್ಟಿದ್ದು, ಆದರೆ ಐದು ಗಂಟೆಯಾಗುತ್ತ ಬಂತು, ಇನ್ನು ಅವರು ಬರಲಾರರು, ಪಾಪ ಧೈರ್ಯ ಸಾಲಲಿಲ್ಲವೇನೋ ಎಂದರು ಮೇಷ್ಟ್ರು.

ಟೇಪಣ್ಣ ಕೂತ. ಅರ್ಧ ಲೋಟ ಚಹಾ ಕುಡಿಯುವಷ್ಟು ಹೊತ್ತು ಕೂತ. ಹಲ್ಲು ಕಟ್ಟುವವನು, ನಿಮ್ಮ ಮುಂದಿನ ಹಲ್ಲು ಚೆನ್ನಾಗಿವೆ, ನನಗೆ ಅವುಗಳಲ್ಲಿ ಕೆಲಸವೇ ಇಲ್ಲ ಅಂದ. ಇಷ್ಟು ಸೊಗಸಾದ ಮಾತನ್ನು ಅವನಿಗೆ ಈವರೆಗೆ ಯಾರೂ ಹೇಳಿರಲಿಲ್ಲ.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಬಾಗಿಲು ಒಂದು ಗೇಣು ತೆರೆಯಿತು. ಕೊರಳಲ್ಲಿ ಬಿಲ್ಲೆಯಿಲ್ಲದೆ, ತಲೆ ಬಾಚಿಕೊಂಡು, ದೊಡ್ಡ ಸಾಹೇಬರು ನಿಂತಿದ್ದರು.

"ಮೇಷ್ಟ್ರೇ, ನಾಲ್ಕಕ್ಕೆ ಬರ್ತೀನಿ ಅಂತ ಹೇಳಿದ್ದೆ," ಅಂದರು. "ನಾಲ್ಕಕ್ಕೇ ಬಂದಿದ್ದೆ. ಆದ್ರೆ ಒಬ್ಬನೇ ಬಂದಿರಲಿಲ್ಲ." ಅಷ್ಟರಲ್ಲಿ ಟೇಪಣ್ಣನನ್ನು ಕಂಡರು. "ನೀವಿನ್ನೂ ಹೋಗಿಲ್ವೇನ್ರೀ?"

ಟೇಪಣ್ಣ ಎದ್ದು ನಿಂತ. ಲೋಟ ಅವನ ಕೈಯಲ್ಲಿ, ಸಾಸರು ಹಲ್ಲು ಕಟ್ಟುವವನ ಕೈಯಲ್ಲಿ ಇತ್ತು. ಅದನ್ನು ನೋಡಿದ ಮೇಲೆ ಸಾಹೇಬರು ಇನ್ನೇನೂ ಕೇಳಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ಆ ಅರ್ಜಿ ಮೂರು ವಾರ ನಾನೇ ಬಚ್ಚಿಟ್ಕೊಂಡಿದ್ದೆ," ಅಂದರು ಕೊನೆಗೆ. "ನಿಮ್ಮ ಕೈಗೆ ಸಿಕ್ರೆ ಬೀಗ ಬೀಳತ್ತೆ ಅಂತ. ಇವತ್ತೂ ನಿಮಗೆ ಹೆದರಿಯೇ ಜೊತೆಗೆ ಬಂದಿದ್ದು."

"ನಾನು ನಿಮಗೆ ಹೆದರಿ ಅಳೆದೆ ಸಾರ್," ಅಂದ ಟೇಪಣ್ಣ.

ಇಬ್ಬರೂ ಒಟ್ಟಿಗೆ ಗೋಡೆಯ ಫಲಕ ನೋಡಿದರು. ಕೋಣೆಯವರೆಲ್ಲ ಒಂದೇ ಬಾಯಲ್ಲಿ, ಒಬ್ಬರು ಹೆಚ್ಚಾದರೆ ಏನು ಮಹಾ, ಒತ್ತಿ ಕೂತರಾಯಿತು ಅಂದರು. ಅದು ಅವರಿಗೆ ಸುಲಭದ ಮಾತು. ಅಳೆದವನು ಒಬ್ಬ, ಸಹಿ ಹಾಕಿದವರು ಒಬ್ಬರು. ಸಹಿಯ ಮಸಿ ಇನ್ನೂ ಒಣಗಿರಲಿಲ್ಲ.

ಸಾಹೇಬರು, ನೀವೇ ಕೂತುಕೊಳ್ಳಿ, ನಾನು ಇನ್ನೊಂದು ದಿನ ಬರುತ್ತೇನೆ ಅಂದರು. ಚೌಕಟ್ಟು ಮಾತ್ರ ಬಿಡಲಿಲ್ಲ. ಐವತ್ತೆಂಟು ವರ್ಷ ಹಿಡಿದಿತ್ತು ಆ ಮನುಷ್ಯನಿಗೆ ಈ ಮೆಟ್ಟಿಲು ಹತ್ತಲು. ಇನ್ನೊಂದು ದಿನ ಅನ್ನುವುದು ಎಂಥ ದಿನ ಎಂದು ಟೇಪಣ್ಣನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ನೀವು ಮೊದಲೇ ಹೇಳಿ ಬಂದಿದ್ದೀರಿ ಸಾರ್," ಅಂದ. "ನಾನು ಹೇಳಿರಲಿಲ್ಲ."

ಲೋಟವನ್ನು ಮೇಜಿನ ಮೇಲಿಟ್ಟು ಹೊರಗೆ ಬಂದ. ಹಿಂದೆ ಕುರ್ಚಿ ಎಳೆದ ಸದ್ದು, ಸಾಹೇಬರ ಅಳುಕಿನ ದನಿ, ಅದಕ್ಕೆ ಹಲ್ಲು ಕಟ್ಟುವವನ ನಗು ಕೇಳಿಸಿತು. ಮೇಲಿನ ಮೆಟ್ಟಿಲ ಮೇಲೆ ಕೂತು ಬಾಗಿಲ ಸಂದಿಯಿಂದಾದರೂ ಕೇಳೋಣ ಎಂದು ಕೂತ. ಒಳಗೆ ಯಾರಾದರೂ ಒಬ್ಬರು ಬೇಗ ಮನೆಗೆ ಹೊರಟರೆ ಇಪ್ಪತ್ತರ ಲೆಕ್ಕ ಸರಿಹೋಗುತ್ತದಲ್ಲ.

ಬಾಗಿಲು ತೆರೆದು ಸಾಹೇಬರು ತಲೆ ಹೊರಹಾಕಿದರು. ಮುಖ ಕೆಂಪಾಗಿತ್ತು, ತುಟಿಯಂಚಿನಲ್ಲಿ ನಗುವಿನಂಥದ್ದೇನೋ ಇತ್ತು.

"ತಪ್ಪು ತಿಳ್ಕೋಬೇಡ್ರೀ," ಅಂದರು ಮೃದುವಾಗಿ. "ಮೆಟ್ಟಿಲ ಮೇಲೆ ಯಾರೂ ಕೂರೋ ಹಾಗಿಲ್ಲ."

"ಗೊತ್ತು ಸಾರ್," ಅಂದು ಟೇಪಣ್ಣ ಎದ್ದ.

ಕೆಳಗೆ ಬೈಂಡಿಂಗ್ ಅಂಗಡಿಯ ಅಜ್ಜ ಅಂಟು ಕಲಸುತ್ತ ಕೂತಿದ್ದ. ಮೇಲಿನ ಕಿಟಕಿಯಿಂದ ದೊಡ್ಡ ನಗು ಬೀದಿಗೆ ಬಿತ್ತು. ಅಜ್ಜ ಮೇಲೆ ನೋಡಿದ, ಟೇಪಣ್ಣನನ್ನು ನೋಡಿದ, ಏನಪ್ಪಾ, ಮೇಲೆ ಎಲ್ಲಾ ಸರಿಯಾಗಿದೆಯಾ ಅಂತ ಕೇಳಿದ.

ಟೇಪಣ್ಣ ಕಿಟಕಿಯ ಕಡೆ ಒಮ್ಮೆ ತಲೆಯೆತ್ತಿ ನೋಡಿದ.

"ಎಲ್ಲಾ ನಿಯಮದ ಪ್ರಕಾರ ಇದೆ ಅಜ್ಜ," ಅಂದ.